ಅಲಗು ಎರಡಿಂಚು ಮೇಲೆ

ಬೆಳಗಿನ ಜಾವ ಮೂರಕ್ಕೆ ಸಡ್ಬರಿಯ ಬೀದಿಗಳಲ್ಲಿ
ನಾನು, ನನ್ನ ಲಾರಿಯ ಮೂತಿಗೆ ಹನ್ನೆರಡಡಿ ಕಬ್ಬಿಣದ ಅಲಗು,
ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡ ಈರೋ.
ಎರಡೂವರೆ ವರ್ಷ. ಬಾಯೊಳಗೆ ಕೈಗವಸಿನ ಹೆಬ್ಬೆರಳು.
ನಿಯಮದ ಪ್ರಕಾರ ಅವನು ಇಲ್ಲಿ ಇಲ್ಲ.

ಮೇಲ್ವಿಚಾರಕ ರೊಜೇರ್ ಗೇಟಿನಲ್ಲಿ ನಿಂತು ಲಾರಿ ಎಣಿಸುತ್ತಾನೆ.
ನನ್ನದು ಬಂದಾಗ ಮಾತ್ರ
ಬೂಟಿನ ದಾರ ಕಟ್ಟಲು ಬಗ್ಗುತ್ತಾನೆ.
ಅವನ ಬೂಟಿಗೆ ದಾರವಿಲ್ಲ. ಜಿಪ್ಪು.

ಮೊದಲು ಮದಾಮ್ ಗಿಲೇನ್ ಇದ್ದಳು,
ತನ್ನ ಅಡುಗೆಮನೆಯಲ್ಲೇ ಐದು ಮಕ್ಕಳನ್ನು ನೋಡಿಕೊಂಡು.
ಅರ್ಧ ಸಂಬಳ ಅವಳ ಮೇಜಿನ ಮೇಲಿಡುವಾಗ ನನಗೆ ಸಂಕಟ,
ಅದನ್ನೆಣಿಸಿ ಡಬ್ಬಿಗೆ ಹಾಕುವಾಗ ಅವಳಿಗೂ.
ಕೊಡುವ ಕೈಗೆ ಬಂಡೆ, ಪಡೆವ ಕೈಗೆ ಬೆಣಚುಕಲ್ಲು;
ನೋಟು ಮಾತ್ರ ಅದೇ.
ನವೆಂಬರಿನಲ್ಲಿ ಗೋದಾಮಿಗೆ ಸೇರಿದಳು,
ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ.
"ಗಂಟೆಗೆ ಆರು ಡಾಲರ್ ಹೆಚ್ಚು ತಾರ್ಯಾ,
ಪೆಟ್ಟಿಗೆ ಅಳೋದೂ ಇಲ್ಲ" ಅಂದಳು.
ಅಂದು, ತಾನೇ ಅತ್ತಳು.

ಶಿಶುಕೇಂದ್ರದ ಪಟ್ಟಿಯಲ್ಲಿ ನಮ್ಮದು ಇನ್ನೂರ ಹನ್ನೆರಡು.
ಹೊಟ್ಟೆಯಲ್ಲಿದ್ದಾಗಲೇ ಬರೆಸಿದ್ದೆ,
ಹೆಸರಿಲ್ಲದೆ, ಬರೀ "ಕಿವೆಲಾ ಮಗು" ಎಂದು.
ಫೋನು ಮಾಡಿದರೆ ಹುಡುಗಿ ಮೆತ್ತಗೆ ಹೇಳುತ್ತಾಳೆ:
ಕೋಣೆ ಇದೆ, ಪುಟ್ಟ ಕುರ್ಚಿಗಳಿವೆ,
ಈ ಸಂಬಳಕ್ಕೆ ನಿಲ್ಲುವ ಟೀಚರುಗಳಿಲ್ಲ.
ಹೋದ ವಾರ ಇನ್ನೂರ ಒಂಬತ್ತು ಆಯಿತು.
ಆ ಮೂವರು ಒಳಗೆ ಹೋದರೋ,
ಕಾದೂ ಕಾದೂ ದೊಡ್ಡವರಾಗಿ ಶಾಲೆಗೇ ಹೋದರೋ,
ಕೇಳಲಿಲ್ಲ.
ಜಾಗ ಸಿಕ್ಕರೂ ಅವರ ಬಾಗಿಲು ತೆರೆಯುವುದು ಏಳಕ್ಕೆ.
ಹಿಮಕ್ಕೆ ಅದು ಗೊತ್ತಿಲ್ಲ.

ಅಲಗು ಇಳಿಸುತ್ತೇನೆ.
ಡಾಕ್ಟರ ಮನೆಯ ಮುಂದೆ,
ನಿಕ್ಕಲ್ ಗಣಿ ಬೇಡವೆಂದು ಕಳಿಸಿದವನ ಮನೆಯ ಮುಂದೆ,
ಕಾರೇ ಇಲ್ಲದ, ಹೊರಗೇ ಬಾರದ
ಮುದುಕಿ ಹಿಲ್ಯಾಳ ಮನೆಯ ಮುಂದೆ,
ಅದೇ ಅಲಗು, ಅದೇ ಉಪ್ಪು.
ಯಾರೂ ಕಿಟಕಿ ತೆರೆದು ಚಿಲ್ಲರೆ ಎಣಿಸುವುದಿಲ್ಲ.
"ನಿನ್ನ ಬಾಗಿಲ ಹಿಮ ನಿನ್ನ ಪಾಡು,
ಇಷ್ಟಪಟ್ಟೇ ತಾನೆ ಇಲ್ಲಿ ಮನೆ ಮಾಡಿದ್ದು?"
ಎಂದು ಯಾರೂ ಯಾರಿಗೂ ಅನ್ನುವುದಿಲ್ಲ.
ಮಗುವಿನ ಮಾತು ಬಂದರೆ ಅನ್ನುತ್ತಾರೆ.
ನನ್ನ ಚಿಕ್ಕಪ್ಪನೇ ಅನ್ನುತ್ತಾನೆ, ನಮ್ಮಲ್ಲೇ ಕಾಫಿ ಹೀರುತ್ತ,
ನಾನು ಗುಡಿಸಿದ ದಾರಿಯಲ್ಲೇ ಜಾರದೆ ಬಂದು.

ನಾಲ್ಕೂಕಾಲು. ಆಸ್ಪತ್ರೆಯ ಲಾಂಡ್ರಿಗೆ ಹೋಗುವ ಹೆಂಗಸು.
ಹೆಸರು ಗೊತ್ತಿಲ್ಲ, ಹಸಿರು ಟೊಪ್ಪಿ ಗೊತ್ತು.
ಹಿಂದೆ ಹಗ್ಗದಲ್ಲಿ ಜಾರುಗಾಡಿ,
ಅದರಲ್ಲಿ ಕಂಬಳಿಯ ಗಂಟು, ಗಂಟಿನಿಂದ ಎರಡು ಬೂಟು.
ಅಕ್ಕನ ಮನೆಗೋ, ನೆರೆಯವಳ ಸೋಫಾಕ್ಕೋ,
ಎಲ್ಲಿಗೆ ಇಳಿಸಿ ಹೋಗುತ್ತಾಳೋ.
ಮೊನ್ನೆ ಕಂಡೆ: ನಾನು ಗುಡಿಸಿದ ಬರಿ ಡಾಂಬರಿನ ಮೇಲೆ
ಗಾಡಿ ಕರಕರ ಕೆರೆದು ನಿಂತಿತು.
ಅವಳು ಗಂಟನ್ನು ಹೆಗಲಿಗೆ ಹಾಕಿಕೊಂಡಳು,
ಗಾಡಿಯನ್ನು ಕಂಕುಳಿಗೆ,
ಇಳಿಜಾರಿನುದ್ದಕ್ಕೂ ನನ್ನತ್ತ ತಿರುಗಿಯೂ ನೋಡಲಿಲ್ಲ.

ಇಷ್ಟು ಚೊಕ್ಕವಾಗಿ ಗುಡಿಸಿದ್ದಕ್ಕೆ
ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನಾಚಿದೆ.

ಇವತ್ತು ಆ ತಿರುವಿನಲ್ಲಿ
ಅಲಗಿನ ಬಲತುದಿ ಎರಡಿಂಚು ಎತ್ತಿದೆ.
ದಂಡೆಯುದ್ದಕ್ಕೂ ಒಂದು ಮೊಳ ಅಗಲದ ಬಿಳಿ ಪಟ್ಟಿ ಉಳಿಯಿತು.
ಕನ್ನಡಿಯಲ್ಲಿ ನೋಡಿದೆ:
ಹಸಿರು ಟೊಪ್ಪಿ ಬಗ್ಗಿತು, ಹಗ್ಗ ಬಿಗಿಯಿತು, ಗಾಡಿ ಜಾರಿತು.

ಇದೇನು ಪರಿಹಾರವೇ? ಅಲ್ಲ.
ಒಂದು ಮೊಳ ಹಿಮ.
ಬೆಳಕಾದ ಮೇಲೆ ದೂರು ಬರುತ್ತದೆ,
ರೊಜೇರ್ ಎಷ್ಟು ಸಲ ಅಂತ ಬಗ್ಗಿಯಾನು.

ಈರೋ ಎದ್ದ. ಹೆಬ್ಬೆರಳು ತೆಗೆದು
ಗಾಜಿನಾಚೆ ತೋರಿಸಿದ:
"ಅಮ್ಮಾ, ಅಲ್ಲಿ ಬಿಟ್ಟೆ."